ಕೊನೆಯ ಪುಟ ಮೊದಲೇ ಓದುವವರಿಗೆ ಯಾವ ಪುಸ್ತಕ?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಕೆಲಸದ ಸಲುವಾಗಿ ವೈದ್ಯಕೀಯ ಪುಸ್ತಕಗಳನ್ನು ತಿರುವಿ ಹಾಕುತ್ತಲೇ ಇರುತ್ತೇನೆ. ಮನೆಗೆ ಬಂದರೆ ಮನಸ್ಸಿಗೆ ಹಿತವಾಗುವ ಕತೆ ಬೇಕು, ರಜೆ ಸಿಕ್ಕರೆ ಥ್ರಿಲ್ಲರ್ ಬೇಕು. ಆದರೆ ಒಂದು ಚಟವಿದೆ. ಯಾವ ಪುಸ್ತಕ ಕೈಗೆ ಬಂದರೂ ಕೊನೆಯ ಎರಡು ಪುಟ ಮೊದಲು ಓದಿಬಿಡುತ್ತೇನೆ, ಆಮೇಲೆ ಅರ್ಧಕ್ಕೇ ಬೇಸರ ಬಂದು ಬಿಟ್ಟುಬಿಡುತ್ತೇನೆ. ನೀವು ಇತ್ತೀಚೆಗೆ ಓದಿದ್ದರಲ್ಲಿ ನನ್ನಂಥವಳಿಗೆ ಒಗ್ಗುವಂಥದ್ದು ಯಾವುದು? ಪಠ್ಯಪುಸ್ತಕವನ್ನೂ ಕತೆಯ ಹಾಗೆ ಓದಲು ಸಾಧ್ಯವೇ?

ಉತ್ತರ: ಚಟವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಇಬ್ಬರು ಮನೋವಿಜ್ಞಾನಿಗಳು ಹನ್ನೆರಡು ಸಣ್ಣಕತೆಗಳನ್ನಿಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಕೊನೆ ಏನೆಂದು ಮೊದಲೇ ತಿಳಿದವರು ಕತೆಯನ್ನು ತುಸು ಹೆಚ್ಚೇ ಮೆಚ್ಚಿಕೊಂಡಿದ್ದರು. ಆಮೇಲೆ ಬೇರೆ ಸಂಶೋಧಕರಿಗೆ ಇದಕ್ಕೆ ತದ್ವಿರುದ್ಧ ಫಲಿತಾಂಶವೂ ಸಿಕ್ಕಿದ್ದರಿಂದ ಆ ಪ್ರಯೋಗವನ್ನೇ ವೇದವಾಕ್ಯವೆಂದು ಹಿಡಿಯಬೇಕಿಲ್ಲ. ನನ್ನ ಅನುಭವದ ಮಾತು ಇಷ್ಟು: ಕೊನೆ ಗೊತ್ತಾದ ಕೂಡಲೇ ಸತ್ತುಹೋಗುವುದು ಎಲ್ಲವನ್ನೂ ಕೊನೆಗೇ ಕೂಡಿಟ್ಟುಕೊಂಡ ಪುಸ್ತಕ ಮಾತ್ರ. ನೀವು ಅರ್ಧಕ್ಕೆ ಬಿಟ್ಟವುಗಳಲ್ಲಿ ಬಹುಪಾಲು ಅಂಥವೇ ಇರಬೇಕು. ಒಳ್ಳೆಯ ಪುಸ್ತಕಗಳು ಎಷ್ಟೋ ಸಲ ತಮ್ಮ ಕೊನೆಯನ್ನು ತಾವೇ ಮೊದಲ ಪುಟದಲ್ಲಿ ಹೇಳಿಬಿಡುತ್ತವೆ. ಈಚೆಗೆ ಓದಿದ, ಮತ್ತೆ ತೆಗೆದು ಓದಿದ ಪುಸ್ತಕಗಳನ್ನು ಈ ಒಂದೇ ಒರೆಗಲ್ಲಿಗೆ ಉಜ್ಜಿ ನೋಡಿ ಆರಿಸಿದ್ದೇನೆ.

ಪಠ್ಯಪುಸ್ತಕದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಸಾಧ್ಯವಿದೆ, ಆದರೆ ಎಲ್ಲ ಪಠ್ಯಪುಸ್ತಕಗಳಿಂದ ಆ ಸುಖ ಸಿಗದು. ಹತ್ತಾರು ತಜ್ಞರು ಒಂದೊಂದು ಅಧ್ಯಾಯ ಬರೆದುಕೊಟ್ಟ ಬೃಹದ್ಗ್ರಂಥಕ್ಕೆ ಒಂದು ದನಿ ಇರುವುದಿಲ್ಲ. ದನಿ ಇರುವ ಪಠ್ಯ ಬೇಕೆಂದರೆ ಆರ್ಥರ್ ಗೈಟನ್ ಅವರ ಶರೀರಕ್ರಿಯಾಶಾಸ್ತ್ರದ ಪುಸ್ತಕ ಹಿಡಿಯಿರಿ. ಮೊದಲ ಮುದ್ರಣ 1956ರದು. ಗೈಟನ್ ಶಸ್ತ್ರವೈದ್ಯರಾಗಬೇಕಿದ್ದವರು. 1946ರಲ್ಲಿ, ತರಬೇತಿ ಇನ್ನೇನು ಮುಗಿಯಿತೆನ್ನುವಾಗ ಪೋಲಿಯೊ ತಗುಲಿ, ಆಪರೇಷನ್ ಟೇಬಲ್ಲಿನ ಮುಂದೆ ನಿಲ್ಲುವ ಅವಕಾಶವೇ ಕೈತಪ್ಪಿತು. ಅವರು ಪಾಠ ಮಾಡುವುದಕ್ಕೂ ರಕ್ತಪರಿಚಲನೆಯ ಸಂಶೋಧನೆಗೂ ತಿರುಗಿದರು, ಕೈಕಾಲು ದುರ್ಬಲವಾದವರಿಗೆಂದು ಮೋಟಾರು ಗಾಲಿಕುರ್ಚಿಯನ್ನೂ ರೂಪಿಸಿದರು. ಅವರ ಹತ್ತು ಮಕ್ಕಳೂ ವೈದ್ಯರಾದರು. ಇದನ್ನೆಲ್ಲ ಹೇಳಿದ್ದು ಪವಾಡಕ್ಕಲ್ಲ. ದಶಕಗಳ ಕಾಲ ಒಬ್ಬನೇ ಮನುಷ್ಯ ಒಂದೇ ಪುಸ್ತಕವನ್ನು ತಿದ್ದಿ ತಿದ್ದಿ ಬರೆದರೆ ಏನಾಗುತ್ತದೆಂಬುದು ಅದರ ವಾಕ್ಯಗಳಲ್ಲೇ ಕಾಣುತ್ತದೆ. ರಕ್ತದೊತ್ತಡ ಬಿದ್ದಾಗ ದೇಹ ಒಂದೊಂದಾಗಿ ಏನೇನು ಮಾಡುತ್ತದೆ ಎಂಬ ಭಾಗವನ್ನು ಓದಿ ನೋಡಿ. ಮೊದಲ ಕೆಲವು ಸೆಕೆಂಡುಗಳಲ್ಲಿ ನರಗಳ ಆಟ, ಆಮೇಲೆ ಹಾರ್ಮೋನುಗಳದು, ಕೊನೆಗೆ ಗಂಟೆಗಟ್ಟಲೆ, ದಿನಗಟ್ಟಲೆ ಮೂತ್ರಪಿಂಡದ್ದು. ಕೊನೆ ಗೊತ್ತೇ ಇದೆ, ಒತ್ತಡ ಮತ್ತೆ ಸಮಕ್ಕೆ ಬರಬೇಕು. ಹೇಗೆ ಬರುತ್ತದೆ ಎಂಬುದೇ ಕತೆ. ಈಗ ಸಿಗುವ ಆವೃತ್ತಿಗಳನ್ನು ಅವರ ಶಿಷ್ಯ ಜಾನ್ ಹಾಲ್ ಮುಂದುವರಿಸಿದ್ದಾರೆ, ಹಳೆಯ ದನಿ ಅಲ್ಲಲ್ಲಿ ಇನ್ನೂ ಉಳಿದಿದೆ.

ಅಂಗರಚನೆಯ ಪಠ್ಯ 'ಗ್ರೇಸ್ ಅನಾಟಮಿ'ಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ನೀವೂ ಓದಬೇಡಿ. ಚಿತ್ರ ನೋಡಿ. 1858ರ ಮೊದಲ ಆವೃತ್ತಿಯ ಚಿತ್ರಗಳನ್ನು ಬರೆದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಹೆಸರು ಉಳಿದದ್ದು ಹೆನ್ರಿ ಗ್ರೇ ಅವರದು. ಗ್ರೇಗೆ ರಾಯಧನ ಸಿಕ್ಕಿತು, ಕಾರ್ಟರ್‌ಗೆ ಒಂದೇ ಗಂಟಿನ 150 ಪೌಂಡು. ಪುಸ್ತಕ ಬಂದ ಮೂರೇ ವರ್ಷಕ್ಕೆ ಗ್ರೇ ಸಿಡುಬಿನಿಂದ ತೀರಿಕೊಂಡರು. ಕಾರ್ಟರ್ ಮುಂಬಯಿಗೆ ಬಂದು ಕುಷ್ಠದಂಥ ರೋಗಗಳ ಅಧ್ಯಯನದಲ್ಲಿ ವರ್ಷಗಳನ್ನು ಕಳೆದರು. ಸ್ನಾಯುವಿನ ಹೆಸರನ್ನು ಆ ಸ್ನಾಯುವಿನ ಮೇಲೆಯೇ ಬರೆಯುವ ಅವರ ಪದ್ಧತಿ ಎಷ್ಟು ಉಪಕಾರಿ ಎಂಬುದು ಬಾಣದ ಗುರುತು ಹಿಡಿದು ಪುಟದ ಅಂಚಿಗೆ ಓಡಿ ಸುಸ್ತಾದವರಿಗೆ ತಿಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬೇಕು. ಅಂಗರಚನೆಯ ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕರೆ ಕೊಳ್ಳಿ, ಮೂಳೆಗಳು ಬದಲಾಗಿಲ್ಲ. 'ಹ್ಯಾರಿಸನ್' ಅಥವಾ 'ಡೇವಿಡ್ಸನ್'ನಂಥ ಚಿಕಿತ್ಸೆ ಹೇಳುವ ಪುಸ್ತಕದ ಹಳೆಯ ಆವೃತ್ತಿಯನ್ನು ನಂಬಿ ಯಾರಿಗೂ ಔಷಧದ ಪ್ರಮಾಣ ಹೇಳಬೇಡಿ. ಅವು ಕೆಲವೇ ವರ್ಷಗಳಿಗೊಮ್ಮೆ ಹೊಸದಾಗುವುದು ಪ್ರಕಾಶಕರ ಲಾಭಕ್ಕಷ್ಟೇ ಅಲ್ಲ.

ಇನ್ನು ವೈದ್ಯಲೋಕದ ಒಳಗಿಂದ ಬಂದ, ಎಲ್ಲರೂ ಓದಬಹುದಾದ ಪುಸ್ತಕಗಳು. ಲ್ಯಾಬ್‌ನಲ್ಲಿ ಕೆಲಸ ಮಾಡುವ ನಿಮಗೆ ನನ್ನ ಮೊದಲ ಸಲಹೆ ರೆಬೆಕಾ ಸ್ಕ್ಲೂಟ್ ಅವರ 'ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್'. ಹೀಲಾ ಕೋಶಗಳ ಹೆಸರು ನೀವು ಕೇಳಿಯೇ ಇರುತ್ತೀರಿ. 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 31ನೆಯ ವಯಸ್ಸಿಗೇ ತೀರಿಕೊಂಡ ಬಡ ಕಪ್ಪು ಮಹಿಳೆಯೊಬ್ಬಳ ಗಡ್ಡೆಯಿಂದ, ಅವಳಿಗೆ ಹೇಳದೆ ಕೇಳದೆ ತೆಗೆದ ಕೋಶಗಳವು. ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಹಿಡಿದು ಎಷ್ಟೋ ಸಂಶೋಧನೆಗಳು ಅವುಗಳ ಮೇಲೆ ನಿಂತವು, ಮನೆಯವರಿಗೆ ಮಾತ್ರ ಎರಡು ದಶಕ ಸುದ್ದಿಯೇ ಇರಲಿಲ್ಲ. ಇದೆಲ್ಲ ಪುಸ್ತಕದ ಆರಂಭದಲ್ಲೇ ತಿಳಿದುಹೋಗುತ್ತದೆ. ಆಮೇಲೆ ಉಳಿಯುವುದು ಮಗಳು ಡೆಬೊರಾ. ತಾಯಿಯ ಮುಖವೇ ನೆನಪಿಲ್ಲದ ಅವಳು ಪ್ರಯೋಗಾಲಯವೊಂದರಲ್ಲಿ ತಾಯಿಯ ಕೋಶಗಳಿರುವ ತಣ್ಣನೆಯ ಸೀಸೆಯನ್ನು ಕೈಯಲ್ಲಿ ಹಿಡಿಯುವ ಭಾಗವಿದೆ. ಅದನ್ನು ಓದಿದ ಮೇಲೆ ಮಾದರಿಯ ಮೇಲಿನ ಲೇಬಲ್ಲನ್ನು ಬರೀ ನಂಬರಿನಂತೆ ನೋಡುವುದು ಕಷ್ಟ.

ಪಾಲ್ ಕಲಾನಿಧಿ ಅವರ 'ವೆನ್ ಬ್ರೆತ್ ಬಿಕಮ್ಸ್ ಏರ್' ಬಗ್ಗೆ ಎಲ್ಲರೂ ಹೇಳಿರುತ್ತಾರೆ. ಮಿದುಳಿನ ಶಸ್ತ್ರಚಿಕಿತ್ಸೆಯ ತರಬೇತಿಯ ಕೊನೆಯಲ್ಲಿದ್ದಾಗ ಶ್ವಾಸಕೋಶದ ಕ್ಯಾನ್ಸರ್, 2015ರಲ್ಲಿ 37ನೆಯ ವಯಸ್ಸಿಗೆ ಸಾವು, ಮರುವರ್ಷ ಪುಸ್ತಕ. ಲೇಖಕ ಉಳಿಯುವುದಿಲ್ಲ ಎಂದು ಹೊದಿಕೆಯೇ ಹೇಳುತ್ತದೆ. ನಿಮ್ಮ ಚಟದಂತೆ ಕೊನೆಯಿಂದ ಶುರು ಮಾಡಿದರೆ ಮೊದಲು ಸಿಗುವುದು ಹೆಂಡತಿ ಲೂಸಿ ಬರೆದ ಬರಹ. ನನ್ನನ್ನು ಕೇಳಿದರೆ ಇಡೀ ಪುಸ್ತಕದಲ್ಲಿ ಅತ್ಯಂತ ಸ್ಪಷ್ಟವಾದ ಗದ್ಯ ಅದೇ, ಆದ್ದರಿಂದ ನಿಮಗೆ ನಷ್ಟವೇನಿಲ್ಲ. ಪಾಲ್ ಅಲ್ಲಲ್ಲಿ ಸಾಹಿತ್ಯದ ಉಲ್ಲೇಖಗಳಿಗೆ ಜೋತುಬೀಳುತ್ತಾರೆ, ಆ ಪುಟಗಳನ್ನು ದಾಟಿಕೊಂಡು ಹೋಗಿ.

ಅದಕ್ಕಿಂತ ನನಗೆ ಹೆಚ್ಚು ಹತ್ತಿರವಾದದ್ದು ಅತುಲ್ ಗವಾಂಡೆ ಅವರ 'ಬೀಯಿಂಗ್ ಮಾರ್ಟಲ್'. 2014ರ ಪುಸ್ತಕ. ಮುಪ್ಪು, ಸಾವು, ಕೊನೆಗಾಲದ ಚಿಕಿತ್ಸೆ ಎಂದರೆ ಯಾರು ಓದುತ್ತಾರೆ ಎನಿಸಬಹುದು. ಆದರೆ ಅದರೊಳಗೆ ನಕ್ಕು ನಕ್ಕು ಸುಸ್ತಾಗುವ ಅಧ್ಯಾಯವೊಂದಿದೆ. ನ್ಯೂಯಾರ್ಕ್ ರಾಜ್ಯದ ವೃದ್ಧರ ಶುಶ್ರೂಷಾಲಯವೊಂದಕ್ಕೆ 1990ರ ದಶಕದ ಶುರುವಿನಲ್ಲಿ ಬಿಲ್ ಥಾಮಸ್ ಎಂಬ ಯುವ ವೈದ್ಯ ಬರುತ್ತಾರೆ. ಅಲ್ಲಿನವರು ಸಾಯುತ್ತಿರುವುದು ರೋಗದಿಂದಷ್ಟೇ ಅಲ್ಲ, ಬೇಸರ, ಒಂಟಿತನ, ಅಸಹಾಯಕತೆಗಳಿಂದ ಎಂದು ಅವರಿಗೆ ಅನಿಸುತ್ತದೆ. ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಳಿಗಳಿಗೆ ಅನುಮತಿ ಪಡೆಯುತ್ತಾರೆ. ನೂರೂ ಗಿಳಿಗಳು ಒಂದೇ ದಿನ ಬಂದಿಳಿಯುತ್ತವೆ, ಪಂಜರಗಳು ಇನ್ನೂ ಬಂದಿರುವುದಿಲ್ಲ! ತಂದವನು ಅವನ್ನೆಲ್ಲ ಕೇಶಾಲಂಕಾರದ ಕೋಣೆಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋಗಿಬಿಡುತ್ತಾನೆ. ಮುಂದೆ ಆ ಶುಶ್ರೂಷಾಲಯದಲ್ಲಿ ಔಷಧಗಳ ಬಳಕೆ ಹೋಲಿಕೆಗಿಟ್ಟ ಇನ್ನೊಂದು ಸಂಸ್ಥೆಯ ಅರ್ಧದಷ್ಟಕ್ಕೆ ಇಳಿಯಿತು, ಸಾವಿನ ಪ್ರಮಾಣವೂ ಶೇ. 15ರಷ್ಟು ತಗ್ಗಿತು. 'ಮನಸ್ಸು ಬೆಚ್ಚಗಾಗುವ ಕತೆ' ಎಂಬ ಕಪಾಟಿನಲ್ಲಿ ಈ ಪುಸ್ತಕ ಯಾರಿಗೂ ಸಿಗುವುದಿಲ್ಲ, ಸಿಗಬೇಕಿತ್ತು. ಕೊನೆಯ ಭಾಗದಲ್ಲಿ ಲೇಖಕರ ತಂದೆಯ ಕಾಯಿಲೆಯಿದೆ. ಅವರೂ ಶಸ್ತ್ರವೈದ್ಯರು, ಮಗನೂ ಶಸ್ತ್ರವೈದ್ಯ. ಆದರೂ 'ನಿಮಗೆ ಯಾವುದು ಮುಖ್ಯ, ಯಾವುದನ್ನು ಬಿಟ್ಟುಕೊಡಲಾರಿರಿ' ಎಂದು ಕೇಳಲು ಮಗನಿಗೆ ನಾಲಗೆ ಏಳುವುದಿಲ್ಲ.

ಸಿದ್ಧಾರ್ಥ ಮುಖರ್ಜಿ ಅವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' ದಪ್ಪ ಪುಸ್ತಕ, ಕ್ಯಾನ್ಸರಿನ ನಾಲ್ಕು ಸಾವಿರ ವರ್ಷಗಳ ಚರಿತ್ರೆ. ಒಂದೇ ಏಟಿಗೆ ಮುಗಿಸಲು ಹೋಗಬೇಡಿ. 1947ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಅಲ್ಲಿಯವರೆಗೆ ಶವಪರೀಕ್ಷೆ ಮಾಡಿಕೊಂಡಿದ್ದ ರೋಗಶಾಸ್ತ್ರಜ್ಞ, ರಕ್ತಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲದ ಎದುರಾಳಿ ಔಷಧ ಕೊಟ್ಟು ನೋಡಿದ ಭಾಗದಿಂದ ಶುರು ಮಾಡಿ. ಮಕ್ಕಳು ಕೆಲವು ತಿಂಗಳು ಎದ್ದು ಓಡಾಡಿದರು, ಮತ್ತೆ ರೋಗ ಮರಳಿತು. ಆ ಕೆಲವೇ ತಿಂಗಳುಗಳಿಂದ ಇಡೀ ಕಿಮೋಥೆರಪಿ ಹೇಗೆ ಬೆಳೆಯಿತೆಂಬುದನ್ನು ಮುಖರ್ಜಿ ಪತ್ತೇದಾರಿ ಕಾದಂಬರಿಯ ಬಿಗುವಿನಲ್ಲಿ ಹೇಳುತ್ತಾರೆ. ಮಾರುಕಟ್ಟೆ, ರಾಜಕೀಯ, ಪ್ರಚಾರದ ಅಧ್ಯಾಯಗಳು ಎಳೆದಂತೆ ಅನಿಸಿದರೆ ಹಾರಿಸಿ, ನಾನೂ ಎರಡನೆಯ ಸಲ ಹಾರಿಸಿದೆ.

ವೈದ್ಯಕೀಯಕ್ಕೂ ಹಿತವಾದ ಕತೆಗೂ ನಡುವೆ ಸೇತುವೆ ಬೇಕೆಂದರೆ ಯೋಕೋ ಒಗಾವಾ ಅವರ 'ದಿ ಹೌಸ್‌ಕೀಪರ್ ಅಂಡ್ ದಿ ಪ್ರೊಫೆಸರ್'. ಜಪಾನೀ ಭಾಷೆಯಲ್ಲಿ 2003ರಲ್ಲಿ ಬಂತು. ಅಪಘಾತದಲ್ಲಿ ತಲೆಗೆ ಪೆಟ್ಟಾದ ಗಣಿತದ ಪ್ರೊಫೆಸರಿಗೆ 1975ರ ನಂತರದ್ದು ಎಂಬತ್ತು ನಿಮಿಷ ಮಾತ್ರ ನೆನಪಿರುತ್ತದೆ. ಮನೆಗೆಲಸಕ್ಕೆ ಬರುವವಳು ಪ್ರತಿ ಬೆಳಗ್ಗೆ ಅವರಿಗೆ ಹೊಸಬಳು. ಅವಳ ಹುಟ್ಟಿದ ದಿನ ಫೆಬ್ರವರಿ 20, ಅಂದರೆ 220. ಪ್ರೊಫೆಸರರ ಕೈಗಡಿಯಾರದ ಹಿಂದೆ ಕೆತ್ತಿರುವುದು 284. 220ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳಲ್ಲಿ ಅದನ್ನೊಂದು ಬಿಟ್ಟು ಉಳಿದವನ್ನೆಲ್ಲ ಕೂಡಿದರೆ 284, 284ರದ್ದನ್ನು ಹಾಗೆಯೇ ಕೂಡಿದರೆ 220. ಗಣಿತಜ್ಞರು ಇಂಥ ಜೋಡಿಯನ್ನು ಸ್ನೇಹಸಂಖ್ಯೆಗಳು ಎನ್ನುತ್ತಾರೆ. ನಾಳೆ ತನ್ನ ಗುರುತೇ ಸಿಗದ ಮನುಷ್ಯನೊಡನೆ ಇವತ್ತು ಸ್ನೇಹ ಬೆಳೆಸುವುದು ಹೇಗೆ ಎಂಬುದಕ್ಕೆ ಒಗಾವಾ ಹಿಡಿದ ದಾರಿ ಇದು, ಕಣ್ಣೀರು ಹಿಂಡುವ ಒಂದು ಮಾತೂ ಇಲ್ಲ. ಮರೆವಿನ ಕಾಯಿಲೆ ನಿಜದಲ್ಲಿ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಅದನ್ನು ಕತೆಗಾರ್ತಿಯ ಸ್ವಾತಂತ್ರ್ಯವೆಂದು ಬಿಟ್ಟುಬಿಡಿ.

ಹಿತವಾದ ಕತೆಗಳಲ್ಲಿ ನಾನು ಅತಿ ಹೆಚ್ಚು ಜನರ ಕೈಗೆ ಕೊಟ್ಟಿರುವುದು ಹೆಲೀನ್ ಹ್ಯಾನ್ಫ್ ಅವರ '84, ಚಾರಿಂಗ್ ಕ್ರಾಸ್ ರೋಡ್'. ಕತೆ ಎಂದೆ, ಆದರೆ ಎಲ್ಲವೂ ನಿಜವಾದ ಪತ್ರಗಳು. ನ್ಯೂಯಾರ್ಕಿನ ಬಡ ಲೇಖಕಿಗೂ ಲಂಡನ್ನಿನ ಹಳೆಯ ಪುಸ್ತಕದ ಅಂಗಡಿಯ ಫ್ರಾಂಕ್ ಡೋಯಲ್ ಅವರಿಗೂ 1949ರಲ್ಲಿ ಪತ್ರವ್ಯವಹಾರ ಶುರುವಾಗುತ್ತದೆ. ಅವಳು ಬಾಯಿಬಡುಕಿ, ಅವರು ಕೋಟಿನ ಗುಂಡಿ ಬಿಚ್ಚದ ಮನುಷ್ಯ. ಯುದ್ಧಾನಂತರದ ಪಡಿತರದ ದಿನಗಳಲ್ಲಿ ಅಂಗಡಿಯವರಿಗೆ ಆಹಾರದ ಪೊಟ್ಟಣ ಹೋಗುತ್ತದೆ, ಅಲ್ಲಿಂದ ಅವಳು ಕೇಳಿದ ಪುಸ್ತಕ ಬರುತ್ತದೆ. ಎರಡು ದಶಕ ಹೀಗೇ ನಡೆಯುತ್ತದೆ, ಅವರಿಬ್ಬರೂ ಭೇಟಿಯಾಗುವುದೇ ಇಲ್ಲ. 1968ರ ಡಿಸೆಂಬರಿನಲ್ಲಿ ಫ್ರಾಂಕ್ ತೀರಿಕೊಂಡರು. ಇದನ್ನೆಲ್ಲ ಮೊದಲೇ ಹೇಳಿದ್ದು ಬೇಕೆಂದೇ. ಭೇಟಿ ಆಗುವುದಿಲ್ಲವೆಂದು ಗೊತ್ತಿದ್ದು ಓದಿದರೆ 'ಮುಂದಿನ ವರ್ಷ ಖಂಡಿತ ಬರುತ್ತೇನೆ' ಎಂಬ ಧಾಟಿಯ ಒಂದೊಂದು ಪತ್ರವೂ ಬೇರೆಯೇ ಆಗಿ ಕಾಣುತ್ತದೆ. ಒಂದು ಸಂಜೆಯಲ್ಲಿ ಮುಗಿಯುವ ತೆಳು ಪುಸ್ತಕ.

'ತೊತ್ತೋಚಾನ್' ಕನ್ನಡದಲ್ಲೇ ಸಿಗುತ್ತದೆ. ಮಕ್ಕಳ ಪುಸ್ತಕವೆಂದು ಪಕ್ಕಕ್ಕೆ ಸರಿಸಿದ್ದರೆ ಈಗ ತೆಗೆಯಿರಿ. ತೆತ್ಸುಕೋ ಕುರೋಯಾನಗಿ ಅವರ ಬಾಲ್ಯದ ಶಾಲೆ, ರೈಲುಡಬ್ಬಿಗಳೇ ತರಗತಿಗಳು. ಕೈಚೀಲ ಪಾಯಖಾನೆಯ ಗುಂಡಿಗೆ ಬಿತ್ತೆಂದು ಪುಟ್ಟ ಹುಡುಗಿ ಉದ್ದನೆಯ ಹಿಡಿಯ ಸೌಟಿನಿಂದ ಹೊಲಸನ್ನೆಲ್ಲ ಮೊಗೆದು ರಾಶಿ ಹಾಕುತ್ತಿದ್ದಾಳೆ. ಹೆಡ್‌ಮಾಸ್ತರು ಕೊಬಯಾಶಿ ಆ ದಾರಿಯಲ್ಲಿ ಬಂದವರು ಗದರಿಸುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ತಿರುಗಿ ಒಳಗೆ ಹಾಕುತ್ತೀಯಲ್ಲ ಎಂದಷ್ಟೇ ಕೇಳಿ ಹೊರಟುಹೋಗುತ್ತಾರೆ. ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು, ಕೊನೆಯ ಪುಟಗಳಲ್ಲಿರುವುದು ಅದೇ. ಅದನ್ನು ಮೊದಲೇ ಓದಿಕೊಂಡು ಬಂದವರಿಗೆ ಆ ರೈಲುಡಬ್ಬಿಗಳು ಇನ್ನೂ ಹೆಚ್ಚು ಬೆಲೆಯವು.

ಫ್ರೆಡ್ರಿಕ್ ಬ್ಯಾಕ್‌ಮನ್ ಅವರ 'ಎ ಮ್ಯಾನ್ ಕಾಲ್ಡ್ ಓವೆ' ಚೆನ್ನಾಗಿದೆ, ಆದರೆ ಲೇಖಕರು ನಿಮ್ಮ ಗಂಟಲು ಕಟ್ಟುವ ಜಾಗವನ್ನು ಮುಂಚೆಯೇ ಗುರುತು ಹಾಕಿಟ್ಟಿರುತ್ತಾರೆ. ನಾಯಕ ಮತ್ತೆ ಮತ್ತೆ ಆತ್ಮಹತ್ಯೆಗೆ ಹೊರಡುವ ಕತೆ ಎಂಬುದನ್ನು ಗಮನದಲ್ಲಿಡಿ, ಮನಸ್ಸು ಕುಗ್ಗಿದ ದಿನಗಳಿಗೆ ಅದು ಬೇಡ. ತೊಶಿಕಾಜು ಕವಾಗುಚಿ ಅವರ 'ಬಿಫೋರ್ ದಿ ಕಾಫಿ ಗೆಟ್ಸ್ ಕೋಲ್ಡ್' ನಿಮ್ಮ ಸ್ವಭಾವಕ್ಕೆಂದೇ ಮಾಡಿದಂತಿದೆ. ಅದರಲ್ಲಿ ಹಿಂದಿನ ಕಾಲಕ್ಕೆ ಹೋಗಿಬರಬಹುದು, ಆದರೆ ಏನು ಮಾಡಿದರೂ ವರ್ತಮಾನ ಬದಲಾಗದು ಎಂಬುದು ಮೊದಲೇ ಹೇಳಿದ ನಿಯಮ. ಬದಲಾಗದಿದ್ದರೂ ಜನ ಯಾಕೆ ಹೋಗುತ್ತಾರೆ ಎಂಬುದೊಂದೇ ಪ್ರಶ್ನೆ. ಉಪಾಯ ಚೆಂದ, ಬರವಣಿಗೆ ಸಾಧಾರಣ. ಮೊದಲ ಭಾಗ ಓದಿ ಸಾಕೆನಿಸಿದರೆ ನಿಲ್ಲಿಸಿ, ಸರಣಿಯ ಮುಂದಿನ ಪುಸ್ತಕಗಳಿಗೆ ಕೈ ಹಾಕಬೇಕಿಲ್ಲ.

ಕನ್ನಡದ್ದೊಂದು ಕಾದಂಬರಿಯನ್ನು ಇಲ್ಲಿ ಸೇರಿಸದಿದ್ದರೆ ಆಗದು. ತ್ರಿವೇಣಿಯವರ 'ಶರಪಂಜರ'. 1971ರ ಸಿನಿಮಾದಿಂದಾಗಿ ಕತೆ ಎಲ್ಲರಿಗೂ ಗೊತ್ತು, ಹಾಗೆಂದೇ ಪುಸ್ತಕ ಓದದೆ ಉಳಿದವರು ಬಹಳ. ಹೆರಿಗೆಯ ನಂತರ ಮನಸ್ಸು ಕದಡಿ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುವ ಕಾವೇರಿಯನ್ನು ಸುತ್ತಲಿನವರು ಗುಣವಾದವಳೆಂದು ನೋಡಲು ಒಪ್ಪುವುದೇ ಇಲ್ಲ. ರೋಗಕ್ಕಿಂತ, ರೋಗ ವಾಸಿಯಾದ ಮೇಲಿನ ಬದುಕು ಎಷ್ಟು ಕಠಿಣ ಎಂಬುದನ್ನು ಇಷ್ಟು ಸರಳ ವಾಕ್ಯಗಳಲ್ಲಿ ಹೇಳಿದ ವೈದ್ಯಕೀಯ ಪುಸ್ತಕ ನನಗೆ ಸಿಕ್ಕಿಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಆ ಸಿನಿಮಾ ಬಂದಾಗ ಅವರಿರಲಿಲ್ಲ.

ಈಗ ಥ್ರಿಲ್ಲರ್. ನಿಮ್ಮ ಚಟಕ್ಕೆ ಜಗ್ಗದ ಥ್ರಿಲ್ಲರ್ ಎಂದರೆ ಫ್ರೆಡರಿಕ್ ಫೋರ್ಸೈತ್ ಅವರ 'ದಿ ಡೇ ಆಫ್ ದಿ ಜಾಕಲ್'. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುತ್ತಾನೆ. ಡಿ ಗಾಲ್ 1970ರಲ್ಲಿ ತಮ್ಮ ಮನೆಯಲ್ಲೇ ಸಹಜವಾಗಿ ತೀರಿಕೊಂಡರು, ಕಾದಂಬರಿ ಬಂದದ್ದು 1971ರಲ್ಲಿ. ಅಂದರೆ ಹಂತಕ ಸೋಲುತ್ತಾನೆಂದು ಮೊದಲ ದಿನದ ಓದುಗನಿಗೂ ಗೊತ್ತಿತ್ತು. ಕೊನೆ ಗೊತ್ತಿರುವ ಕತೆಯನ್ನು ಯಾರು ಕೊಳ್ಳುತ್ತಾರೆಂದು ಪ್ರಕಾಶಕರು ಹಿಂಜರಿದರು, ಒಬ್ಬರಲ್ಲ, ಹಲವರು. ಫೋರ್ಸೈತ್ ಪ್ಯಾರಿಸ್ಸಿನಲ್ಲಿ ವರದಿಗಾರರಾಗಿದ್ದವರು. ಸುಳ್ಳು ಪಾಸ್‌ಪೋರ್ಟ್ ಮಾಡಿಸುವುದು ಹೇಗೆ, ಬಂದೂಕನ್ನು ಗಡಿ ದಾಟಿಸುವುದು ಹೇಗೆ, ಇನ್ನೊಂದು ಕಡೆ ಹೆಸರೂ ಮುಖವೂ ಗೊತ್ತಿಲ್ಲದವನನ್ನು ಪೊಲೀಸರು ಕಡತಗಳಿಂದ ಹೆಕ್ಕುವುದು ಹೇಗೆ, ಎಲ್ಲವನ್ನೂ ವರದಿಯಂತೆ ಬರೆಯುತ್ತಾರೆ. ಪಾತ್ರಗಳ ಒಳಮನಸ್ಸು ಬೇಕೆನ್ನುವವರಿಗೆ ಇದು ಒಣಒಣ ಅನಿಸೀತು.

ರಿಚರ್ಡ್ ಪ್ರೆಸ್ಟನ್ ಅವರ 'ದಿ ಹಾಟ್ ಝೋನ್' (1994) ಕಾದಂಬರಿಯಲ್ಲ, ಆದರೂ ಥ್ರಿಲ್ಲರಿನಂತೆ ಓಡುತ್ತದೆ. 1989ರಲ್ಲಿ ಅಮೆರಿಕದ ರೆಸ್ಟನ್ ಎಂಬಲ್ಲಿ ಸಂಶೋಧನೆಗೆಂದು ತಂದ ಮಂಗಗಳು ಒಂದೊಂದಾಗಿ ಸಾಯತೊಡಗುತ್ತವೆ. ಸೇನೆಯ ಪ್ರಯೋಗಾಲಯದಲ್ಲಿ ಕೋಶಗಳು ಹಾಳಾದ ಫ್ಲಾಸ್ಕನ್ನು ನೋಡಿ, ಬರೀ ಸೂಡೊಮೋನಾಸ್ ಬ್ಯಾಕ್ಟೀರಿಯಾದ ಸೋಂಕಿರಬೇಕೆಂದುಕೊಂಡು ಇಬ್ಬರು ಅದನ್ನು ಮೂಸಿ ನೋಡುತ್ತಾರೆ. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಾಣಿಸುವುದು ದಾರದಂಥ ಎಬೋಲಾ ವರ್ಗದ ವೈರಸ್! ಲ್ಯಾಬ್‌ನವರ ಎದೆ ಧಸಕ್ಕೆನ್ನುವ ಪುಟಗಳವು. ಇಬ್ಬರಿಗೂ ಏನೂ ಆಗಲಿಲ್ಲ, ರೆಸ್ಟನ್ ವೈರಸ್ ಮನುಷ್ಯರಿಗೆ ಕಾಯಿಲೆ ತರುವಂಥದ್ದಲ್ಲವೆಂದು ಆಮೇಲೆ ತಿಳಿಯಿತು. ಎಬೋಲಾ ರೋಗಿಗಳ ರಕ್ತಸ್ರಾವವನ್ನು ಮಾತ್ರ ಪ್ರೆಸ್ಟನ್ ಬಹಳ ಹಿಗ್ಗಿಸಿ ಬರೆದಿದ್ದಾರೆ, ಅದನ್ನೇ ಪಾಠವೆಂದು ಹಿಡಿಯಬೇಡಿ.

ಅಗಾಥಾ ಕ್ರಿಸ್ಟಿಯ ಯಾವ ಪುಸ್ತಕವನ್ನೂ ನಿಮಗೆ ಹೆಸರು ಹಿಡಿದು ಹೇಳುವ ಧೈರ್ಯ ನನಗಿಲ್ಲ, ಕೊನೆಯ ಪುಟ ನೋಡಿದರೆ ಅಲ್ಲಿಗೆ ಮುಗಿಯಿತು. ಆದರೆ ವಿಷಗಳ ವಿಷಯದಲ್ಲಿ ಆಕೆಯನ್ನು ನಂಬಬಹುದು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದವರು. 1977ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಹೊರದೇಶದಿಂದ ತಂದ ಮಗುವೊಂದರ ಕಾಯಿಲೆ ವೈದ್ಯರಿಗೆ ಬಗೆಹರಿಯಲಿಲ್ಲ. ಆ ಹೊತ್ತಿನಲ್ಲಿ ಕ್ರಿಸ್ಟಿಯ ಕಾದಂಬರಿ ಓದುತ್ತಿದ್ದ ನರ್ಸ್ ಒಬ್ಬರು ಮಗುವಿನ ಕೂದಲು ಉದುರುತ್ತಿದ್ದುದನ್ನು ನೋಡಿ ಥ್ಯಾಲಿಯಂ ವಿಷವಿರಬಹುದೇ ಎಂದರು. ಪರೀಕ್ಷೆ ಮಾಡಿಸಿದರೆ ಅದೇ ಆಗಿತ್ತು, ಮಗು ಉಳಿಯಿತು. ಯಾವ ಕಾದಂಬರಿ ಎಂದು ಹೇಳಿದರೆ ಕೊಲೆಯ ಗುಟ್ಟು ರಟ್ಟಾಗುತ್ತದೆ.

ಅಲೆಕ್ಸ್ ಮೈಕಲಿಡೀಸ್ ಅವರ 'ದಿ ಸೈಲೆಂಟ್ ಪೇಷಂಟ್' ನಿಮಗೆ ಬೇಡ. ಗಂಡನಿಗೆ ಗುಂಡು ಹೊಡೆದ ಮೇಲೆ ಮಾತೇ ನಿಲ್ಲಿಸಿದ ಚಿತ್ರಕಾರ್ತಿ, ಅವಳನ್ನು ಮಾತಾಡಿಸಲು ಹೊರಟ ಮನೋಚಿಕಿತ್ಸಕ. ಓಟ ಜೋರಾಗಿದೆ, ಆದರೆ ಇಡೀ ಪುಸ್ತಕದ ಭಾರ ಕೊನೆಯ ತಿರುವಿನ ಮೇಲಿದೆ. ಅದು ಗೊತ್ತಾದರೆ ಉಳಿಯುವುದು ನಂಬಲು ಕಷ್ಟವಾದ ಮನೋವೈದ್ಯಕೀಯ.

ಕೊನೆಗೆ ನನ್ನ ಇತ್ತೀಚಿನ ಓದಿನಲ್ಲಿ ಅತ್ಯುತ್ತಮ ಥ್ರಿಲ್ಲರ್, ಕೀಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಜಪಾನಿನಲ್ಲಿ 2005ರಲ್ಲಿ ಬಂದು ನಾವೊಕಿ ಪ್ರಶಸ್ತಿ ಪಡೆದ ಕಾದಂಬರಿ. ಕೊಂದವರು ಯಾರು, ಯಾಕೆ ಕೊಂದರು ಎಂಬುದು ಶುರುವಿನಲ್ಲೇ ಕಣ್ಣೆದುರು ನಡೆಯುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ನಿಲ್ಲುತ್ತಾರೆ, ಅವರ ಹಳೆಯ ಗೆಳೆಯನಾದ ಭೌತವಿಜ್ಞಾನಿ ಬಿಡಿಸಲು ಬರುತ್ತಾನೆ. ಎಲ್ಲ ಗೊತ್ತಿದೆ ಎಂದುಕೊಂಡು ಓದುತ್ತಿರುವಾಗಲೇ ಲೇಖಕ ನಮ್ಮ ಕಣ್ಣೆದುರೇ ಇನ್ನೊಂದನ್ನು ಬಚ್ಚಿಟ್ಟಿರುತ್ತಾನೆ. ಈ ಒಂದು ಪುಸ್ತಕಕ್ಕೆ ಮಾತ್ರ ನಿಮ್ಮ ಚಟಕ್ಕೆ ರಜೆ ಕೊಡಿ. ಕೈ ಕೇಳದಿದ್ದರೆ ಕೊನೆಯ ಎರಡು ಅಧ್ಯಾಯಗಳಿಗೆ ಕ್ಲಿಪ್ ಹಾಕಿ ಕೊಡುವಂತೆ ಮನೆಯಲ್ಲಿ ಯಾರಿಗಾದರೂ ಹೇಳಿ. ಅಷ್ಟರೊಳಗೆ ಮೊದಲ ಪುಸ್ತಕ ಬೇಕೆಂದರೆ '84, ಚಾರಿಂಗ್ ಕ್ರಾಸ್ ರೋಡ್' ತೆಗೆದುಕೊಳ್ಳಿ, ಅದನ್ನು ಯಾವ ಪುಟದಿಂದ ಶುರು ಮಾಡಿದರೂ ನಡೆಯುತ್ತದೆ.